ನೊರೆಯಿಂದ ಕ್ಯಾನ್ಸರ್: ಅಮೆರಿಕದಲ್ಲಿ ಕೇಸು ಹಾಕುವುದು ಹೇಗೆ?

ಪೆಟ್ರೋಲಿಗೆ ಬೆಂಕಿ ಬಿದ್ದರೆ ನೀರು ಸುರಿದು ಪ್ರಯೋಜನವಿಲ್ಲ. ಪೆಟ್ರೋಲು ನೀರಿನ ಮೇಲೆ ತೇಲುತ್ತದೆ, ಬೆಂಕಿಯೂ ಜೊತೆಗೇ ಹರಿಯುತ್ತದೆ. ಅದಕ್ಕೇ 1960ರ ದಶಕದಲ್ಲಿ ಅಮೆರಿಕದ ನೌಕಾಪಡೆ ಮತ್ತು 3ಎಂ ಕಂಪನಿ ಸೇರಿ ಎಎಫ್‌ಎಫ್‌ಎಫ್ ಎಂಬ ಬೆಂಕಿ ನಂದಿಸುವ ನೊರೆ ತಯಾರಿಸಿದವು. ಅದು ಪೆಟ್ರೋಲಿನ ಮೇಲೆ ತೆಳ್ಳಗೆ ಪೊರೆ ಹಾಸಿ ಗಾಳಿಯನ್ನೇ ತಡೆಯುತ್ತದೆ. ಆ ಗುಣ ಬರುವುದು ಪಿಫಾಸ್ ಎಂಬ ರಾಸಾಯನಿಕಗಳಿಂದ.

ತರಬೇತಿ ಮೈದಾನದಲ್ಲಿ ಮೊಣಕಾಲುದ್ದ ನೊರೆಯಲ್ಲಿ ನಿಂತು ಫೈರ್‌ಮನ್‌ಗಳು ಅಭ್ಯಾಸ ಮಾಡಿದರು. "ಸೋಪಿನ ನೀರಿದ್ದ ಹಾಗೆ, ಏನೂ ಆಗಲ್ಲ" ಎಂದೇ ತಮಗೆ ಹೇಳಿದ್ದರು ಎಂದು ಅವರಲ್ಲಿ ಎಷ್ಟೋ ಜನ ನೆನೆಯುತ್ತಾರೆ. ಸಂಜೆ ಆ ಒದ್ದೆ ಬಟ್ಟೆ ಮನೆಗೆ ಬಂದು, ಮಕ್ಕಳ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್‌ಗೆ ಬೀಳುತ್ತಿತ್ತು. ಪಿಫಾಸ್ ಗುಂಪಿನ ಪಿಎಫ್‌ಒಎ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರಲ್ಲಿ ಘೋಷಿಸಿತು. ಅದೇ ಗುಂಪಿನ ಪಿಎಫ್‌ಒಎಸ್ ತರಬಹುದು ಎಂದಿತು.

ಈ ನೊರೆಯ ಕೇಸುಗಳನ್ನು 2018ರ ಡಿಸೆಂಬರ್‌ನಿಂದ ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್‌ನ ಫೆಡರಲ್ ಕೋರ್ಟಿನಲ್ಲಿ ಒಟ್ಟುಗೂಡಿಸಲಾಗಿದೆ. ನ್ಯಾಯಾಧೀಶರು ರಿಚರ್ಡ್ ಗೆರ್ಗೆಲ್. ಒಂದೇ ಕೋರ್ಟಿನಲ್ಲಿದ್ದರೂ ಒಬ್ಬೊಬ್ಬರ ಕೇಸೂ ಬೇರೆ ಬೇರೆ. ನಿಮ್ಮ ಕಾಯಿಲೆ, ನಿಮ್ಮ ಪುರಾವೆ, ನಿಮ್ಮ ಪರಿಹಾರ.

ಹಾಗಾದರೆ ಶುರು ಎಲ್ಲಿಂದ? ವಕೀಲರಿಂದಲ್ಲ, ನಿಮ್ಮ ಮನೆಯ ಕಪಾಟಿನಿಂದ. ಮೊದಲು ಪ್ಯಾಥಾಲಜಿ ರಿಪೋರ್ಟ್, ಅಂದರೆ ಗಡ್ಡೆಯ ತುಣುಕನ್ನು ಪರೀಕ್ಷಿಸಿದ ವರದಿ, ಹುಡುಕಿ. ಡಿಸ್ಚಾರ್ಜ್ ಕಾರ್ಡಿನಲ್ಲಿ "ಕಿಡ್ನಿ ಕ್ಯಾನ್ಸರ್" ಅಂತ ಇದ್ದರೆ ಸಾಲದು. ಗಡ್ಡೆ ಕಿಡ್ನಿಯಲ್ಲೇ ಹುಟ್ಟಿದ್ದೋ, ಬೇರೆ ಕಡೆಯಿಂದ ಹರಡಿ ಬಂದದ್ದೋ ಅನ್ನುವುದು ಪ್ಯಾಥಾಲಜಿ ರಿಪೋರ್ಟಿನಲ್ಲೇ ಸ್ಪಷ್ಟವಾಗಿ ಸಿಗುವುದು. ಕೋರ್ಟು ಮೊದಲು ಕೈಗೆತ್ತಿಕೊಂಡದ್ದು ಕಿಡ್ನಿ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆ). ಲಿವರ್ ಮತ್ತು ಥೈರಾಯ್ಡ್ ಕ್ಯಾನ್ಸರ್ ಆಮೇಲೆ ಬಂದವು.

ಇನ್ನು ನೊರೆಯ ಲೆಕ್ಕ. ಕೇಸು ನಿಲ್ಲುವುದೂ ಬೀಳುವುದೂ ಇಲ್ಲೇ. ಒಂದು ನೋಟ್‌ಬುಕ್ ತೆಗೆದುಕೊಂಡು ವರ್ಷದ ಪ್ರಕಾರ ಬರೆಯಿರಿ. "ನೊರೆ ಬಳಸಿದ್ದೆ" ಅಂದರೆ ಯಾರೂ ಕೇಳಲ್ಲ. "1994ರಿಂದ 1999, ವಿಮಾನ ನಿಲ್ದಾಣದ ಫೈರ್ ಸ್ಟೇಷನ್, ತಿಂಗಳಿಗೆ ಎರಡು ಡ್ರಿಲ್, ಕ್ಯಾನಿನಿಂದ ಟ್ಯಾಂಕಿಗೆ ನಾನೇ ಸುರಿಯುತ್ತಿದ್ದೆ, ಗ್ಲೌಸ್ ಇರಲಿಲ್ಲ, ಕ್ಯಾನಿನ ಮೇಲೆ ಇಂಥ ಕಂಪನಿಯ ಹೆಸರಿತ್ತು." ಹೀಗಿರಬೇಕು. ಜೊತೆಗೆ ಕೆಲಸ ಮಾಡಿದವರಿಗೆ ಫೋನ್ ಮಾಡಿ, ನಿಮಗೆ ಮರೆತದ್ದು ಅವರಿಗೆ ನೆನಪಿರುತ್ತದೆ. ತರಬೇತಿ ಸರ್ಟಿಫಿಕೇಟ್, ಸಂಬಳದ ಚೀಟಿ, ಸೇನೆಯಲ್ಲಿದ್ದವರಾದರೆ ಡಿಡಿ-214 ಎಂಬ ಸೇವಾ ಬಿಡುಗಡೆ ಪತ್ರ, ಎಲ್ಲವನ್ನೂ ಒಂದು ಕಡೆ ಇಡಿ.

ನೊರೆ ಮುಟ್ಟದೆ ಬರೀ ನೀರು ಕುಡಿದವರೂ ಇದ್ದಾರೆ. ಕೊಲರಾಡೊದ ಪೀಟರ್ಸನ್ ಸೇನಾ ನೆಲೆಯ ಹತ್ತಿರದ ಫೌಂಟನ್, ಫಿಲಡೆಲ್ಫಿಯಾ ಪಕ್ಕದ ಹಾರ್ಷಮ್, ವಾರ್‌ಮಿನ್ಸ್ಟರ್ ಊರುಗಳಲ್ಲಿ ಅಂತರ್ಜಲಕ್ಕೇ ಪಿಫಾಸ್ ಸೇರಿತ್ತು. ಅಂಥವರಿಗೆ ಬಾಡಿಗೆ ಕರಾರು, ನೀರಿನ ಬಿಲ್ಲೇ ಪುರಾವೆ. ಆ ಕಡೆ ಮನೆ ಮಾಡಿದ್ದ ಕನ್ನಡಿಗರೂ ಹಳೇ ವಿಳಾಸ ಒಮ್ಮೆ ನೋಡಿಕೊಳ್ಳಿ.

ಮೈಯಲ್ಲಿ ಪಿಫಾಸ್ ಎಷ್ಟಿದೆ ಎಂದು ತಿಳಿಯಲು ರಕ್ತ ಪರೀಕ್ಷೆ ಮಾಡಿಸಬಹುದು. ಆದರೆ ಅಂಕಿ ಕಡಿಮೆ ಬಂದರೆ ಎದೆಗುಂದಬೇಡಿ. ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿದ್ದರೆ ರಕ್ತದಲ್ಲಿನ ಪ್ರಮಾಣ ನಿಧಾನಕ್ಕೆ ಇಳಿದಿರುತ್ತದೆ.

ಕಾಗದ ಒಟ್ಟಾಗಲಿ ಅಂತ ಸುಮ್ನೆ ಕೂರುವ ಹಾಗೂ ಇಲ್ಲ. ಕೇಸು ಹಾಕಲು ಗಡುವಿದೆ. ಅನೇಕ ರಾಜ್ಯಗಳಲ್ಲಿ ಅದು ಎರಡೋ ಮೂರೋ ವರ್ಷ. ಕಾಯಿಲೆಗೂ ನೊರೆಗೂ ನಂಟಿದೆ ಎಂದು ನಿಮಗೆ ಗೊತ್ತಾದ, ಅಥವಾ ಗೊತ್ತಾಗಬೇಕಿದ್ದ ದಿನದಿಂದ ಸಾಮಾನ್ಯವಾಗಿ ಎಣಿಕೆ ಶುರು. ಆ ದಿನ ಯಾವುದು ಎಂಬುದರ ಮೇಲೇ ವಾದ ನಡೆಯುತ್ತದೆ. ಅದಕ್ಕೆ ನೋಟ್‌ಬುಕ್ ಅರ್ಧ ಆಗಿದ್ದರೂ ವಕೀಲರನ್ನು ನೋಡಿ.

ಅವರು ಮೊದಲು ಫೀಸು ಕೇಳುವುದಿಲ್ಲ, ಗೆದ್ದರೆ ಪಾಲು ತೆಗೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಶೇ 33ರಿಂದ 40. ಸಹಿ ಹಾಕುವ ಮೊದಲು ಒಂದು ಮಾತು ಕೇಳಿ: ಖರ್ಚು ಕಳೆದ ಮೇಲೆ ಪಾಲೋ, ಕಳೆಯುವ ಮೊದಲೋ? 1 ಲಕ್ಷ ಡಾಲರ್ ಬಂದು, 10 ಸಾವಿರ ಖರ್ಚಾಗಿ, ಪಾಲು ಶೇ 40 ಇದೆ ಅಂದುಕೊಳ್ಳಿ. ಖರ್ಚು ಮೊದಲು ಕಳೆದರೆ ನಿಮ್ಮ ಕೈಗೆ 54 ಸಾವಿರ, ಆಮೇಲೆ ಕಳೆದರೆ 50 ಸಾವಿರ. ಕಿಮೊ ಮಾಡಿಸಿಕೊಳ್ಳುತ್ತಿರುವವರಿಗೆ 4 ಸಾವಿರ ಸಣ್ಣ ಮೊತ್ತವೇನಲ್ಲ.

3ಎಂ 2023ರಲ್ಲಿ ಒಪ್ಪಿಕೊಂಡ 1,030 ಕೋಟಿ ಡಾಲರ್ ಸುದ್ದಿ ನೋಡಿ ತುಂಬಾ ಜನ ತಮಗೂ ಅದರಲ್ಲಿ ಪಾಲಿದೆ ಅಂದುಕೊಂಡರು. ಇಲ್ಲ. ಅದು ಕುಡಿಯುವ ನೀರು ಪೂರೈಸುವ ಸಂಸ್ಥೆಗಳಿಗೆ ಸೇರಿದ್ದು. ರೋಗಿಗಳ ಕೇಸಿನ ದಾರಿಯೇ ಬೇರೆ. "ಹಣ ರೆಡಿ ಇದೆ" ಎನ್ನುವ ಜಾಹೀರಾತು ಕಂಡರೆ ಫೋನ್ ಕೆಳಗಿಡಿ.

ಸೇನೆಯಲ್ಲಿದ್ದವರು ಅಲ್ಲಿ ಸೇವೆ ಮಾಡುವಾಗ ಆದ ಹಾನಿಗೆ ಸರ್ಕಾರದ ಮೇಲೆ ಕೇಸು ಹಾಕುವಂತಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 1950ರ ಫೆರೆಸ್ ತೀರ್ಪು ಆ ಬಾಗಿಲು ಮುಚ್ಚಿದೆ. ಹಾಗಾಗಿ ದಾವೆ ನೊರೆ ತಯಾರಿಸಿದ ಕಂಪನಿಗಳ ಮೇಲೆ. ಇದರ ಜೊತೆಗೇ ಮಾಜಿ ಸೈನಿಕರ ಇಲಾಖೆಗೆ ಅಂಗವಿಕಲತೆ ಪಿಂಚಣಿಗೆ ಅರ್ಜಿ ಹಾಕಬಹುದು. ಒಂದು ಹಾಕಿದರೆ ಇನ್ನೊಂದು ತಪ್ಪುವುದಿಲ್ಲ. ಮೊದಲ ಅರ್ಜಿ ತುಂಬಿಸಿಕೊಡಲು ಮಾಜಿ ಸೈನಿಕರ ಸಂಘಗಳು ದುಡ್ಡು ಕೇಳುವುದಿಲ್ಲ.

ಕಾಯಿಲೆ ಬಿದ್ದವರು ತೀರಿಹೋಗಿದ್ದರೆ ಹೆಂಡತಿ, ಗಂಡ ಅಥವಾ ಮಕ್ಕಳು ಅವರ ಪರವಾಗಿ ಮುಂದುವರಿಯಬಹುದು. ಆ ಗಡುವು ಬೇರೆ, ಕೆಲವು ಕಡೆ ಇನ್ನೂ ಕಮ್ಮಿ. ಆದ್ದರಿಂದ ಅವರ ಟ್ರಂಕು ಯಾರಿಗೂ ಕೊಡಬೇಡಿ. ನೊರೆಯ ನಡುವೆ ಹೆಲ್ಮೆಟ್ ಹಿಡಿದು ನಗುತ್ತಾ ನಿಂತ ಹಳೇ ಗ್ರೂಪ್ ಫೋಟೋ ಅದರಲ್ಲಿದ್ದರೆ, ಹಿಂದೆ ತಿರುಗಿಸಿ ತಾರೀಕು ಬರೆದಿದೆಯಾ ನೋಡಿ.