ಕುದುರೆ ಮೈಮೇಲಿನ ಬರೆ ಹಿಡಿದು ಹಳೇ ಫೋಟೋಗಳ ಹೆಸರು ಹುಡುಕಿದ್ದು: ನನ್ನ ಅನುಭವ

ಹಿಂಬದಿಲಿ ಹೆಸರು ಬರೀದೆ ಇರೋ ಹಳೇ ರ‍್ಯಾಂಚ್ (ದನ-ಕುದುರೆ ಸಾಕೋ ಜಮೀನು) ಫೋಟೋ ಅಂದ್ರೆ ರದ್ದಿ, ಅದಕ್ಕೆಲ್ಲ ಪೆಟ್ರೋಲ್ ಸುಡಬೇಡ ಅಂತ ನಮ್ ಕಮಿಟಿಯವ್ರು ಮುಖಕ್ಕೇ ಹೇಳಿದ್ರು. ಈಗ 1,100 ಚಿಲ್ಲರೆ ಫೋಟೋದಲ್ಲಿ ಹತ್ತಿರ ಹತ್ತಿರ 400ಕ್ಕೆ ಹೆಸರು ಕೂತಿದೆ, ಹಾಗಾಗಿ ಸ್ವಲ್ಪ ಕೊಚ್ಕೊಳ್ತೀನಿ, ಸಹಿಸ್ಕೊಳ್ಳಿ.

ನಾನಿರೋದು ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿ. ಶನಿವಾರ ಬಂದ್ರೆ ಲಾಂಗ್‌ವ್ಯೂ, ಹೈ ರಿವರ್ ಅನ್ನೋ ಊರುಗಳ ಕಡೆ ಹಳೇ ರ‍್ಯಾಂಚ್ ಮನೆಗಳಿಗೆ ಹೋಗಿ ಸ್ಕ್ಯಾನ್ ಮಾಡೋದು. 1882ರ ಬಾರ್ ಯು ಥರದ ದೊಡ್ಡ ರ‍್ಯಾಂಚ್ ಬಿಡಿ, ಅದನ್ನ ನೋಡ್ಕೊಳ್ಳೋಕೆ ಸರ್ಕಾರದ ಪಾರ್ಕ್ಸ್ ಕೆನಡಾ ಇದೆ. ನಂಗೆ ಬೇಕಿದ್ದು 10 ಡಾಲರ್ ಫೀ ಕಟ್ಟಿ, ಸರ್ಕಾರ ಸಾಗುವಳಿಗೆ ಕೊಡ್ತಿದ್ದ 160 ಎಕ್ರೆ ಹೋಮ್‌ಸ್ಟೆಡ್ ಹಿಡಿದು, 1906-07ರ ಚಳಿಗಾಲ ದನಗಳನ್ನ ರಾಶಿ ರಾಶಿ ಕೊಂದ್ಮೇಲೂ ಜಾಗ ಬಿಡದೆ ಕೂತವ್ರ ಫೋಟೋ.

ಮೊದ್ಲು ರೆಕಾರ್ಡರ್ ಹಿಡ್ಕೊಂಡು ಹೋದೆ, ಅಜ್ಜಂದಿರು "ಚಳಿ ಇತ್ತು, ಕೆಲ್ಸ ಮಾಡಿದ್ವಿ" ಅಂದು ಕಾಫಿ ಕುಡಿಯೋರು. 14 ಗಂಟೆ ಆಡಿಯೋದಲ್ಲಿ ಅರ್ಧ ಗಂಟೆ ಕೆಲ್ಸಕ್ಕೆ ಬಂತು. ಆಲ್ಬಮ್ ಕೇಳಿದ್ರೆ ಕೊಡಲ್ಲ, ಯಾಕಂದ್ರೆ 1980ರಲ್ಲಿ ಆಲ್ಬರ್ಟಾ ಪ್ರಾಂತ್ಯಕ್ಕೆ 75 ತುಂಬಿದಾಗ ಎಷ್ಟೋ ಊರಲ್ಲಿ ಇತಿಹಾಸದ ಪುಸ್ತಕ ಮಾಡಿದ್ರಲ್ಲ, ಆಗ ಇಸ್ಕೊಂಡು ಹೋದವ್ರು ಯಾರೋ ವಾಪಸ್ ಕೊಟ್ಟಿಲ್ಲವಂತೆ, ಆ ಸಿಟ್ಟು ಇನ್ನೂ ಆರಿಲ್ಲ. ಸರಿ ಅಂತ ಸ್ಕ್ಯಾನರನ್ನೇ ಅವ್ರ ಅಡುಗೆಮನೆ ಟೇಬಲ್ಲಿಗೆ ಹೊತ್ಕೊಂಡು ಹೋದೆ. ಅದಕ್ಕೂ ಮುಂಚೆ ಕ್ಯಾಮೆರಾ ಸ್ಟ್ಯಾಂಡು ಲೈಟು ಅಂತ 600 ಡಾಲರ್ ಗೋವಿಂದ, ಗ್ಲೇರ್ ಹೋಗ್ಲೇ ಇಲ್ಲ. ಕೊನೆಗೆ ಸೆಕೆಂಡ್ ಹ್ಯಾಂಡ್ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ 150ಕ್ಕೆ ಸಿಕ್ತು. ಗ್ರಾಂಟ್ ಎರಡು ಸಲ ರಿಜೆಕ್ಟ್, ಮೂರನೇ ಸಲ 2,000, ಅದೂ ಮೊದ್ಲು ಕೈಯಿಂದ ಹಾಕಿ ಆಮೇಲೆ ಬಿಲ್ ಕೊಡ್ಬೇಕು. ಪೆಟ್ರೋಲ್ ಲೆಕ್ಕ ಮನೇಲಿ ಇನ್ನೂ ಹೇಳಿಲ್ಲ.

ಐಡಿಯಾ ಬಂದಿದ್ದು ನಮ್ಮಜ್ಜನಿಂದ. ಚಳ್ಳಕೆರೆ ಕಡೆ ಜಾತ್ರೆಲಿ ಅಜ್ಜ ಹೋರಿ ಮುಖ ಆಮೇಲೆ, ಮೊದ್ಲು ಬರೆ (ಯಾರ ದನ ಅಂತ ಗೊತ್ತಾಗೋಕೆ ಕಾದ ಕಬ್ಬಿಣದಲ್ಲಿ ಸುಟ್ಟ ಗುರುತು) ನೋಡೋನು. ಒಂದಿನ ನಾನೂ ಫೋಟೋದಲ್ಲಿ ಮನುಷ್ಯರನ್ನ ಬಿಟ್ಟು ಕುದುರೆ ತೊಡೆ ಜೂಮ್ ಮಾಡ್ದೆ. ಬರೆ ಕಾಣ್ತು! ಯಾವ ಬರೆ ಯಾರದ್ದು ಅಂತ ಪಟ್ಟಿ ಇರೋ ಹಳೇ ಬ್ರ್ಯಾಂಡ್ ಬುಕ್ಕಲ್ಲಿ ಹೆಸರು, ಹೋಮ್‌ಸ್ಟೆಡ್ ಫೈಲಲ್ಲಿ ಅವ್ರ ಕ್ವಾರ್ಟರ್ ಸೆಕ್ಷನ್ (ಆ 160 ಎಕ್ರೆ ಜಾಗ), ಅಲ್ಲಿಂದ ಮೊಮ್ಮಕ್ಕಳ ಮನೆ. 9999 ಕಂಡ್ರೆ ಪುಸ್ತಕ ತೆಗೆಯೋದೂ ಬೇಡ, ಅದು 1882ರಲ್ಲಿ ದನ ಹೊಡ್ಕೊಂಡು ಬಂದ ಕಪ್ಪು ಕೌಬಾಯ್ ಜಾನ್ ವೇರ್‌ದು, ವಾಕಿಂಗ್ ಸ್ಟಿಕ್ ಬರೆ ಅಂತಾರೆ. (ನಂಗೆ ಸಿಕ್ಕಿಲ್ಲ, ಆಸೆ ಇದೆ.) ಮಾಸಿದ ಫೋಟೋದಲ್ಲಿ ಬರೆ ಎಬ್ಬಿಸೋ ಸೆಟ್ಟಿಂಗ್ ಮಾತ್ರ ಕೇಳ್ಬೇಡಿ, ಎರಡು ಚಳಿಗಾಲ ಕೂತು ಕಲ್ತಿದ್ದು.

ಎಡವಿದ್ದೂ ಜೋರಾಗೇ. ಗಾಜಿನ ನೆಗೆಟಿವ್ ಒಂದು ರಾಶಿ ಉಲ್ಟಾ ಸ್ಕ್ಯಾನ್ ಮಾಡಿ, ಎಡದ ಬರೆ ಬಲಕ್ಕೆ ಹೋಗಿ (ಒಂದೇ ಗುರುತು ಎಡಕ್ಕಿದ್ರೆ ಒಬ್ರದ್ದು, ಬಲಕ್ಕಿದ್ರೆ ಇನ್ನೊಬ್ರದ್ದು), ಸುಮಾರು 30 ಫೋಟೋ ಬೇರೆ ಮನೆತನಕ್ಕೆ ಬರೆದುಬಿಟ್ಟಿದ್ದೆ, ಆ ಮನೆಯಜ್ಜಿ "ನಮ್ಮಪ್ಪ ಕೋಟಿಗೆ ಹೆಂಗಸರ ಥರ ಗುಂಡಿ ಹಾಕ್ತಿರ್ಲಿಲ್ಲ" ಅಂದಾಗ್ಲೇ ಗೊತ್ತಾಗಿದ್ದು. ಫೋಟೋ ಉಲ್ಟಾ ಆದ್ರೆ ಗಂಡಸರ ಕೋಟಿನ ಗುಂಡಿ ಹೆಂಗಸರ ಕೋಟಿನ ಥರ ಕಾಣುತ್ತೆ, ಅದಕ್ಕೆ ಈಗ ಬರೆಗಿಂತ ಮೊದ್ಲು ಕೋಟಿನ ಗುಂಡಿ ನೋಡ್ತೀನಿ. ಇನ್ನೊಂದು, ಬರೆ ಮಾರಾಟ ಆಗುತ್ತೆ ಸ್ವಾಮಿ, ಒಂದೇ ಗುರುತು ಇವತ್ತು ಇವ್ರದ್ದು ನಾಳೆ ಅವ್ರದ್ದು, ಫೋಟೋದ ವರ್ಷ ಗೊತ್ತಿಲ್ದೆ ಹೆಸರು ಬರೀಬೇಡಿ.

ಮನೆಗಳಿಗೆ ಹೋಗುವಾಗ ಈಗ ಫೋಟೋ ಆಮೇಲೆ ತೆಗೀತೀನಿ, ಮೊದ್ಲು ಚೀಟಿ ಮೇಲೆ ಬರೆ ಗೀಚಿ ಮುಂದಿಡ್ತೀನಿ. ಅಷ್ಟು ವರ್ಷ ಚಳಿ ಚಳಿ ಅಂತಿದ್ದ ಒಬ್ರು ಅದನ್ನ ಕೈಲಿ ಹಿಡ್ಕೊಂಡು ಮೂರು ಗಂಟೆ ಮಾತಾಡಿದ್ರು.

ಒಂದು ಕಡೆ ಮಾತ್ರ ಈ ವಿದ್ಯೆ ನಡೀಲಿಲ್ಲ. ರ‍್ಯಾಂಚ್‌ಗಳಲ್ಲಿ ದುಡಿದ ಸ್ಟೋನಿ ನಕೋಡಾ ಅನ್ನೋ ಅಲ್ಲಿನ ಮೂಲನಿವಾಸಿ ಜನ ಕೂತಿರೋ ಕುದುರೆ ಮೇಲೆ ಬರೆ ಇರೋದು ಧಣಿದು, ಕೂತವನ ಹೆಸರು ಅದ್ರಲ್ಲಿಲ್ಲ, ಫೋಟೋ ಹಿಂದೆ "ಇಂಡಿಯನ್" ಅಂತ ಅಷ್ಟೇ. ಪ್ರಿಂಟ್ ಹಾಕ್ಸಿ ಅವ್ರು ಇರೋ ಈಡನ್ ವ್ಯಾಲಿಗೆ ತಗೊಂಡು ಹೋದೆ, ಒಬ್ಬ ಅಜ್ಜಿ ಟೋಪಿ ನೋಡಿಯೇ ಹೆಸರು ಹೇಳಿದ್ರು. ಆ ಪ್ರಿಂಟು ಅವ್ರ ಹತ್ರನೇ ಇದೆ.

ಮಧ್ಯೆ ತಲೆಹರಟೆನೂ ಮಾಡ್ದೆ. 70ರ ದಶಕದ ಅಂಟು ಆಲ್ಬಮ್ಮಿಂದ ಡೆಂಟಲ್ ಫ್ಲಾಸಲ್ಲಿ ಫೋಟೋ ಬಿಡಿಸೋದು ಗೆದ್ದಿತು. ಹೈ ರಿವರ್‌ನ 2013ರ ಜೂನ್ ಪ್ರವಾಹದಲ್ಲಿ ಬೇಸ್‌ಮೆಂಟಲ್ಲಿ ನೆಂದು, ಫ್ರೀಜರಲ್ಲೇ ಉಳಿದಿದ್ದ ಒಂದಕ್ಕೊಂದು ಅಂಟಿಕೊಂಡ ಎರಡು ಫೋಟೋ ಗಡ್ಡೆ ನನ್ ಕೈಗೆ ಬಂದ್ವು. ಒಂದನ್ನ ತಣ್ಣೀರಲ್ಲಿ ನಿಧಾನಕ್ಕೆ ಬಿಡಿಸಿದ್ರೆ ಅರ್ಧ ಉಳೀತು. ಇನ್ನೊಂದು ನಮ್ಮನೆ ಫ್ರೀಜರಲ್ಲಿ, ತೆಂಗಿನತುರಿ ಪ್ಯಾಕೆಟ್ ಪಕ್ಕ, ಮುಟ್ಟೋ ಧೈರ್ಯ ಇನ್ನೂ ಬಂದಿಲ್ಲ.