ವಂಡರ್‌ಲಾ ಟಿಕೆಟ್ ತೆಗೆಯುವ ಮುಂಚೆ ಮಕ್ಕಳ ಎತ್ತರ ಅಳೆಯಿರಿ

ಬಿಡದಿಯ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಅಷ್ಟು ದುಡ್ಡು ಕೊಟ್ಟು ಹೋಗಬೇಕಾ ಅಂತ ಯೋಚನೆಯೇ? ಮೊದಲು ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಟೇಪ್ ಹಿಡಿಯಿರಿ. ಅಲ್ಲಿ ಎತ್ತರವೇ ಲೆಕ್ಕ. ಮಕ್ಕಳ ಟಿಕೆಟ್ ಕೊಡುವುದೂ ಅದನ್ನು ನೋಡಿ, ದೊಡ್ಡ ರೈಡ್‌ಗೆ ಬಿಡುವುದೂ ಅದನ್ನು ನೋಡಿಯೇ. ನನ್ನ ಮಗಳು ರೋಲರ್ ಕೋಸ್ಟರ್ ಇಳಿದವಳೇ "ಅಮ್ಮಾ, ಇನ್ನೊಂದ್ಸಲ" ಅಂತ ಮತ್ತೆ ಕ್ಯೂಗೆ ಓಡಿದಳು. ಚಿಕ್ಕವನು ಅಳತೆಗೆ ಹಿಮ್ಮಡಿ ಎತ್ತಿ, ಕತ್ತು ಉದ್ದ ಮಾಡಿ ನಿಂತ. ಆದರೂ ಗೆರೆ ಮುಟ್ಟಲಿಲ್ಲ. ಅವನ ಮುಖ ನೋಡಿ ಸಂಕಟವಾಯಿತು. ಮನೆಯಲ್ಲಿ ಪುಟ್ಟ ಮಕ್ಕಳೇ ಇದ್ದರೆ ಒಂದೆರಡು ವರ್ಷ ಕಾಯಿರಿ. ಅವಸರ ಏನಿದೆ, ಅಲ್ವಾ?

ಎತ್ತರ ಸಾಕಾಗಿದ್ದರೆ ಖಂಡಿತ ಹೋಗಿ. ಆದರೆ ಶನಿವಾರ, ಭಾನುವಾರ, ದಸರಾ ರಜೆ ಬೇಡ. ರೇಟೂ ಜಾಸ್ತಿ, ಜನವೂ ಜಾಸ್ತಿ. ವಾರದ ದಿನ ಗೇಟ್ ತೆರೆಯುವ ಹೊತ್ತಿಗೇ ಇದ್ದರೆ ಉದ್ದ ಕ್ಯೂ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್‌ಗೆ ಬೇರೆ ದುಡ್ಡು ಹಾಕುವುದು ತಪ್ಪುತ್ತದೆ. ಬೆಳಿಗ್ಗೆ ದೊಡ್ಡ ರೈಡ್‌ಗಳನ್ನು ಮುಗಿಸಿ, ಬಿಸಿಲು ಏರಿದ ಮೇಲೆ ನೀರಿಗಿಳಿಯಿರಿ. ಹತ್ತಿ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ. ನೈಲಾನ್ ಬಟ್ಟೆ, ಟವೆಲ್ ಮನೆಯಿಂದಲೇ ಒಯ್ಯಿರಿ.

ಬೆಂಗಳೂರಿನವರು ರೂಮ್ ಮಾಡುವುದೂ ಬೇಡ. ಮೈಸೂರು ರಸ್ತೆಯಲ್ಲೇ ಇರುವ ಜಾಗ, ರಾತ್ರಿಗೆ ಮನೆ ಸೇರಬಹುದು. ಹೊರಗಿನ ಊಟ ಒಳಗೆ ಬಿಡದ ಕಾರಣ, ಹೋಗುವಾಗಲೇ ಮಕ್ಕಳಿಗೆ ಬಿಡದಿ ತಟ್ಟೆ ಇಡ್ಲಿ ಹೊಟ್ಟೆ ತುಂಬ ತಿನ್ನಿಸಿ.