ತರಕಾರಿ ಅಂಗಡಿಯಲ್ಲಿ ನನ್ನ ಕನ್ನಡ ಕ್ಲಾಸು

ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್‌ಗಳಲ್ಲಿ ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸಲು ಶುರು ಮಾಡಿ 8 ವರ್ಷ ಆಯಿತು. ಮೊದಲ 5 ವರ್ಷ ಹೆಚ್ಚುಕಮ್ಮಿ ದಂಡ. 12 ಕ್ಲಾಸು ಮುಗಿಸಿ, ಗ್ರೂಪ್ ಫೋಟೋ ತೆಗೆಸಿಕೊಂಡು ಹೋದವರು ಆರು ತಿಂಗಳ ಮೇಲೆ ಲಿಫ್ಟಿನಲ್ಲಿ ಸಿಕ್ಕರೆ "ಕನ್ನಡ ಗೊತ್ತಿಲ್ಲ ಸಾರ್" ಅಂತ ನಗುತ್ತಿದ್ದರು. ಅದೊಂದನ್ನು ಮಾತ್ರ ತಪ್ಪಿಲ್ಲದೆ ಹೇಳುತ್ತಿದ್ದರು. ಕಳೆದ ಮೂರು ಬ್ಯಾಚಿನಲ್ಲಿ ಸುಮಾರು 40 ಜನ ಇದ್ದರು. 30 ಜನರಾದರೂ ಈಗಲೂ ಮಾತಾಡುತ್ತಾರೆ. ಹೇಗಾಯ್ತು ಅಂತ ಕ್ಲಾಸು ಮಾಡುವ ಗೆಳೆಯರು ಕೇಳುತ್ತಲೇ ಇದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಕೈ ಸುಟ್ಟುಕೊಂಡ ಕಥೆ. ನಾನೇ ಕೂತು ಒಂದು ಪುಸ್ತಕ ಮಾಡಿದ್ದೆ. 200 ಪ್ರತಿ, ಒಂದಕ್ಕೆ 45 ರೂಪಾಯಿಯಂತೆ ಅಚ್ಚಿಗೇ 9 ಸಾವಿರ. "ಹೋಗುತ್ತೇನೆ, ಬರುತ್ತೇನೆ" ಅಂತ ಅಚ್ಚುಕಟ್ಟಾಗಿ ಬರೆದಿದ್ದೆ. ಒಬ್ಬ ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡಿ ವಾಚ್‌ಮನ್ ಹತ್ತಿರ "ತಾವು ಎಲ್ಲಿಗೆ ಹೋಗುತ್ತಿದ್ದೀರಿ?" ಅಂದ. ವಾಚ್‌ಮನ್ ಎದ್ದು ನಿಂತು ಕೈ ಮುಗಿದನಂತೆ. ಬೀದಿಯಲ್ಲಿ ಅವನ ಕಿವಿಗೆ ಬೀಳುವುದು "ಹೋಗ್ತೀನಿ, ಎಲ್ಲಿಗ್ ಹೋಗ್ತಿದೀರ". ಪುಸ್ತಕದ ಮಾತನ್ನು ಕಲಿತವನಿಗೆ ಬೀದಿಯ ಮಾತು ಬೇರೆ ಭಾಷೆಯೇ. 130 ಪ್ರತಿ ಇನ್ನೂ ನಮ್ಮ ಮನೆ ಅಟ್ಟದ ಮೇಲಿವೆ, ಯಾರಿಗಾದರೂ ಬೇಕಾದರೆ ಸುಮ್ನೆ ಕೊಡುತ್ತೇನೆ.

ಸಂಖ್ಯೆಯದೂ ಇದೇ ಗೋಳು. ಒಂದರಿಂದ ನೂರರವರೆಗೆ ಕಲಿಸಲು ಮೂರು ಕ್ಲಾಸು ಹೋಗುತ್ತಿತ್ತು. ಅಂಗಡಿಗೆ ಹೋದರೆ ಕನ್ನಡದವರೇ "ಸೆವೆಂಟಿ ಫೈವ್ ಕೊಡಿ" ಅನ್ನುತ್ತಾರೆ! ಈಗ ಹತ್ತರವರೆಗೆ, ಕಾಲು, ಅರ್ಧ, ಮುಕ್ಕಾಲು, ಐವತ್ತು, ನೂರು. ಅಷ್ಟೇ.

ಆಡುಮಾತಿಗೆ ಬದಲಾಯಿಸಿದ ಮೇಲೂ ಜನ ಮಾತಾಡಲಿಲ್ಲ. ತಲೆ ಕೆಟ್ಟು, ಒಂದು ದಿನ ಒಬ್ಬಳ ಹಿಂದೆ ತರಕಾರಿ ಅಂಗಡಿಗೆ ಹೋಗಿ ಸುಮ್ಮನೆ ನಿಂತೆ. ಲಖನೌ ಹುಡುಗಿ, ಕ್ಲಾಸಿನಲ್ಲಿ ಚುರುಕು. "ಅಕ್ಕ, ಅರ್ಧ ಕೆಜಿ ಬೀನ್ಸ್ ಕೊಡಿ. ಎಷ್ಟಾಯ್ತು?" ಅಂದಳು. ನೀಟಾಗಿ. ಅಂಗಡಿ ಅಕ್ಕ ತಲೆ ಎತ್ತಿ ಮುಖ ನೋಡಿ "ಚಾಲೀಸ್" ಅಂದಳು. ಹುಡುಗಿ ಅಲ್ಲಿಂದ ಹಿಂದಿಗೆ ಹೋದವಳು ವಾಪಸ್ ಬರಲಿಲ್ಲ.

ರೋಗ ಅಲ್ಲಿತ್ತು. ನಾನು ವಾರಕ್ಕೆ ಎರಡು ಗಂಟೆ ಕಲಿಸಿದ್ದನ್ನು ನಮ್ಮವರೇ ಎರಡು ಸೆಕೆಂಡಿನಲ್ಲಿ ಅಳಿಸುತ್ತಿದ್ದರು. ಹುಡುಗಿ ಹೋದ ಮೇಲೆ ಕೇಳಿದೆ. "ಪಾಪ, ಕಷ್ಟಪಡ್ತಿತ್ತಲ್ಲ ಆ ಮಗು, ಅದಕ್ಕೇ ಹಿಂದೀಲಿ ಹೇಳ್ದೆ ಸಾರ್" ಅಂದಳು. ಅವಳು ಮಾಲೂರು ಕಡೆಯವಳು. ಮನೆಮಾತು ತೆಲುಗು; ಕನ್ನಡ, ತಮಿಳು ಎರಡೂ ಸಲೀಸು; ಹಿಂದಿ ಅಂಗಡಿ ಇಟ್ಟ ಮೇಲೆ ಕಲಿತದ್ದು. ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ನನ್ನ ಮಾತೃಭಾಷೆ ಅಂದವರು 2011ರ ಜನಗಣತಿಯಲ್ಲೇ ಅರ್ಧಕ್ಕಿಂತ ಕಡಿಮೆ. ಇಂಥ ಊರಲ್ಲಿ ಗಿರಾಕಿಯ ಭಾಷೆಗೆ ಜಿಗಿಯುವುದೇ ವ್ಯಾಪಾರದ ಜಾಣತನ. ಅವಳನ್ನು ಬೈದರೆ ಏನು ಬಂತು?

ಹಾಗಾಗಿ ಅಂಗಡಿಯವರನ್ನೇ ಕ್ಲಾಸಿಗೆ ಸೇರಿಸಿಕೊಂಡೆ. ನಮ್ಮ ಅಪಾರ್ಟ್‌ಮೆಂಟ್ ಸುತ್ತ ಏಳು ಜನ: ಈ ಅಕ್ಕ, ಇಸ್ತ್ರಿಯವನು, ಹಾಲಿನ ಬೂತು, ಎಳನೀರಿನವನು, ಇನ್ನು ಮೂವರು. ಷರತ್ತು ಒಂದೇ, ನಮ್ಮ ವಿದ್ಯಾರ್ಥಿ ಎಷ್ಟು ತೊದಲಿದರೂ ನೀವು ಕನ್ನಡ ಬಿಡಬಾರದು. ಇನ್ನೊಬ್ಬ ಮೇಷ್ಟ್ರು "ಅಂಗಡಿಯೋರಿಗೆ ಪಾಠ ಮಾಡೋಕೆ ಹೊರಟಿದ್ದೀಯೇನೋ?" ಅಂತ ನಕ್ಕರು. ಮೊದಲ ತಿಂಗಳು ಅವರೇ ಗೆದ್ದರು ಅನ್ನಿ. ಸಂಜೆ ಏಳಕ್ಕೆ ಅಂಗಡಿ ಮುಂದೆ ಹತ್ತು ಜನ ನಿಂತಿರುವಾಗ ತೊದಲುವವನಿಗೆ ಯಾರು ಕಾಯುತ್ತಾರೆ? ಈಗ ಮಧ್ಯಾಹ್ನ ಮೂರರಿಂದ ಐದರೊಳಗೆ, ಇಲ್ಲ ಭಾನುವಾರ ಬೆಳಿಗ್ಗೆ ಮಾತ್ರ.

ಇನ್ನೊಂದು ತೊಡಕು: ಅಂಗಡಿಯವರಿಗೆ ನಮ್ಮ ವಿದ್ಯಾರ್ಥಿ ಯಾರು ಅಂತ ಹೇಗೆ ಗೊತ್ತಾಗಬೇಕು? "ನಾನು ಕನ್ನಡ ಕಲಿಯುತ್ತಿದ್ದೇನೆ" ಅನ್ನುವ ಬ್ಯಾಡ್ಜ್ ಮಾಡಿಸಿದೆ, 1,500 ರೂಪಾಯಿ ನೀರಿಗೆ ಹಾಕಿದ ಹಾಗಾಯ್ತು. ಹಾಕಿಕೊಳ್ಳಲು ನಾಚಿಕೆ. ಹಾಕಿಕೊಂಡರೆ ಎದುರಿನವರು ನ್ಯೂಸ್ ಓದುವ ಹಾಗೆ ಮಾತಾಡುತ್ತಾರೆ. ಕೊನೆಗೆ ಹಸಿರು ಬಟ್ಟೆ ಚೀಲ ಕೊಟ್ಟೆ, ಒಂದಕ್ಕೆ 60 ರೂಪಾಯಿ, ಫೀಸು 2,000ದಲ್ಲೇ ಸೇರಿಸಿಬಿಟ್ಟೆ. ಚೀಲ ಕಂಡರೆ ಕನ್ನಡ. ಅಂಗಡಿಯವರಿಗೆ ಇದರಿಂದ ಏನು ಲಾಭ ಅಂತ ಕೇಳಬೇಡಿ. ದುಡ್ಡು ಕೊಡುವುದಿಲ್ಲ, ಅಷ್ಟು ಹೇಳುತ್ತೇನೆ. ಉಳಿದದ್ದು ನನ್ನ ಹೊಟ್ಟೆಪಾಡು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. 1962ರಲ್ಲಿ ಲಬೋವ್ ಅನ್ನುವ ಭಾಷಾವಿಜ್ಞಾನಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ ಜನರ ಬಾಯಿಂದ 'ಫೋರ್ತ್ ಫ್ಲೋರ್' (ನಾಲ್ಕನೇ ಮಹಡಿ) ಅನ್ನಿಸಿ, ಯಾರು 'ರ್' ಉಚ್ಚರಿಸುತ್ತಾರೆ ಅಂತ ಲೆಕ್ಕ ಹಾಕಿದ್ದರಲ್ಲ, ಅದರ ಬಡವರ ಆವೃತ್ತಿ. ನಾಲ್ಕು ವಿದ್ಯಾರ್ಥಿಗಳನ್ನು ಒಂದೇ ವಾಕ್ಯ ಕೊಟ್ಟು ಕಳಿಸಿದೆ: "ಸಕ್ಕರೆ ಇದ್ಯಾ?" ಸುಮಾರು 30 ಅಂಗಡಿ, ಎಲ್ಲ ಚೀಲದ ಸುದ್ದಿ ಗೊತ್ತಿಲ್ಲದ ಕಡೆ. ಅತಿ ಚೆನ್ನಾಗಿ ಉಚ್ಚರಿಸುವ ದೆಹಲಿ ಹುಡುಗನಿಗೆ ಹೆಚ್ಚಿನ ಕಡೆ ಹಿಂದಿಯಲ್ಲೇ ಉತ್ತರ. ಅರ್ಧಂಬರ್ಧ ಮಾತಾಡುವ ಕೊಯಮತ್ತೂರಿನವನಿಗೆ ಕನ್ನಡ ಸಿಕ್ಕಿತು. ಬಾಯಿ ತೆರೆಯುವ ಮೊದಲೇ ಮುಖ ನೋಡಿ ಭಾಷೆ ತೀರ್ಮಾನ ಆಗಿರುತ್ತದೆ ಅಂತ ನನಗೆ ಅನ್ನಿಸಿತು. ಉಚ್ಚಾರಣೆ ತಿದ್ದುವುದಕ್ಕೆ ಆಮೇಲೆ ನಾನು ಜಾಸ್ತಿ ಹೊತ್ತು ಕೊಡಲಿಲ್ಲ.

ಕ್ಲಾಸಿನೊಳಗೆ ಉಳಿದದ್ದು ಎರಡೇ. ಆಜ್ಞೆಯೆಲ್ಲ ಕೊಡಿ, ಹೇಳಿ, ನಿಲ್ಸಿ. "ಬಾ, ಹೋಗು" ಕಲಿಸುವುದೇ ಇಲ್ಲ, ಒಬ್ಬ ವಿದ್ಯಾರ್ಥಿ ಮನೆಕೆಲಸದವರಿಗೆ "ಬಾ" ಅಂದು ಅವರು ಕೆಲಸ ಬಿಟ್ಟ ಮೇಲೆ ಈ ನಿಯಮ. ಇನ್ನೊಂದು, "ನಾನು ಬೇಕು" ಅನ್ನುವ ತಪ್ಪು. ಹಿಂದಿಯವರಿಗೆ 'ಮುಝೆ' ಅನ್ನುವ ಕಡೆಯೆಲ್ಲ 'ನನಗೆ' ಹಾಕಿ ಅಂದರೆ ಬೇಕು, ಗೊತ್ತು ಎರಡೂ ಅಲ್ಲೇ ಸರಿಹೋಗುತ್ತವೆ. ಇಂಗ್ಲಿಷಿನಲ್ಲೇ ಯೋಚಿಸುವವರದು ಕಷ್ಟ.

ನಮ್ಮ ಗೇಟಿನ ಗಾರ್ಡ್ ರಾಯಚೂರಿನವರು. ಅವರ ಹತ್ತಿರ ಕಲಿತ ಇಬ್ಬರು ಈಗ "ಹೌದ್ರಿ, ಬರ್ರಿ" ಅನ್ನುತ್ತಾರೆ. ತಿದ್ದಬೇಕಾ ಅಂತ ಒಂದು ವಾರ ಯೋಚಿಸಿ ಬಿಟ್ಟೆ. ತಿದ್ದೋದಕ್ಕೆ ನಾನ್ಯಾರು, ಅಲ್ವಾ?

ಲಖನೌ ಹುಡುಗಿಗೂ ಹೊಸ ಚೀಲ ಕೊಟ್ಟು ಮತ್ತೆ ಕಳಿಸಿದ್ದೆ, ಎರಡನೇ ಸಲ ಫೀಸಿಲ್ಲದೆ. ಹೋದ ತಿಂಗಳು ತರಕಾರಿ ಅಕ್ಕ ಫೋನ್ ಮಾಡಿದ್ದಳು. "ಮೇಷ್ಟ್ರೇ, ಆ ಹುಡುಗಿಯ ಚೀಲ ವಾಪಸ್ ಇಸ್ಕೊಳ್ಳಿ. ಹಿಂದೀಲಿ ಕೇಳ್ದಷ್ಟು ಕೊಟ್ಟು ಹೋಗ್ತಿದ್ಲು. ಈಗ ಕೊತ್ತಂಬರಿ ಸೊಪ್ಪು ಸುಮ್ನೆ ಹಾಕಿ ಅಂತಾಳೆ!"